ಥಿಲೋನ ಮೊದಲ ಹಂಗಾಮು

ಆರನೇ ವಯಸ್ಸಿಗೇ ಕಾಲ್ಚೆಂಡಿನ ಹುಚ್ಚು ಹತ್ತಿಸಿಕೊಂಡವನು ಥಿಲೋ. ಕಲ್ಲಿದ್ದಲ ಗಣಿ ಮುಚ್ಚಿ ಅಪ್ಪಂದಿರೆಲ್ಲ ಮನೆಯಲ್ಲಿ ಕೂತ ರೂರ್ ಸೀಮೆಯ ಊರಲ್ಲಿ ಹುಡುಗರಿಗೆ ಇನ್ನೇನಿತ್ತು ಹೇಳಿ? ಹತ್ತೊಂಬತ್ತಕ್ಕೆ ಊರಿನ ಕ್ಲಬ್ಬೇ, ಮೂರನೇ ದರ್ಜೆಯ ಲೀಗಿನದು, ಅವನಿಗೆ ಒಂದು ವರ್ಷದ ಕರಾರು ಕೊಟ್ಟಿತು. ಬೇಕರಿಯಲ್ಲಿ ಕೆಲಸ ಮಾಡುವ ತಾಯಿ ಸಿಲ್ಕೆ ಗಿರಾಕಿಗಳಿಗೆಲ್ಲ ಸುದ್ದಿ ಹೇಳಿದ್ದೇ ಹೇಳಿದ್ದು. ವರ್ಷದೊಳಗೆ ತಂಡದಲ್ಲಿ ಕಾಲೂರಿದರೆ ಸರಿ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಅಲ್ಲಿ ಕರುಣೆ ಗಿರುಣೆ ಏನೂ ನಡೆಯುವುದಿಲ್ಲ.

ಮೊದಲ ದಿನ ಹೊಸಬರ ರೂಢಿಯಂತೆ ಕುರ್ಚಿಯ ಮೇಲೆ ನಿಂತು ಹಾಡಬೇಕಾಯಿತು. ಸ್ವರ ತಪ್ಪಿತು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೆ ಪಕ್ಕದಲ್ಲಿ ಕೂರಿಸಿಕೊಂಡವನು ನಾಯಕ ಕಾರ್ಸ್ಟೆನ್ ಒಬ್ಬನೇ. ಗ್ಯಾಲರಿಯಲ್ಲಿ ಕೂತು ಥಿಲೋ ಚಿಕ್ಕಂದಿನಿಂದ ಕೂಗಿ ಕರೆದ ಹೆಸರು ಅದು.

ಹಂಗಾಮಿಗೆ ಮುಂಚೆ ಪ್ರತಿಯೊಬ್ಬ ಆಟಗಾರನೂ ಕಂಪ್ಯೂಟರಿನ ಮುಂದೆ ಕೂತು ಪದಗಳನ್ನು ನೆನಪಿಟ್ಟು ಹೇಳಬೇಕು, ಚಿತ್ರ ಕಂಡ ಕೂಡಲೇ ಗುಂಡಿ ಒತ್ತಬೇಕು. ಮುಂದೆ ತಲೆಗೆ ಪೆಟ್ಟಾದರೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಕಡಿಮೆ ಅಂಕ ಬಂದರೆ ಆಟ ಬಂದ್.

"ಲೋ ಮರಿ, ಜಾಣತನ ತೋರ್ಸೋಕ್ ಹೋಗ್ಬೇಡ," ಎಂದ ಕಾರ್ಸ್ಟೆನ್. "ನಿಧಾನಕ್ಕೆ ಒತ್ತು. ನಾಕು ಪದ ಮರ್ತಂಗೆ ಮಾಡು. ಆಮೇಲೆ ಪೆಟ್ಟು ಬಿದ್ರೂ ಡಾಕ್ಟ್ರಿಗೆ ವ್ಯತ್ಯಾಸಾನೇ ಕಾಣಲ್ಲ."

"ಮೋಸ ಅಲ್ವಾ?"

"ಯಾರಿಗೋ ಮೋಸ? ನಾವೆಲ್ಲ ಮಾಡಿರೋದೇ. ನೀನು ಬೆಂಚ್ ಕಾಯ್ತಾ ಕೂತ್ರೆ ನಿನ್ ಜಾಗದಲ್ಲಿ ಇನ್ನೊಬ್ಬ ಬಂದು ಬೇರು ಬಿಡ್ತಾನೆ, ತಿಳ್ಕೊ."

ಥಿಲೋ ಹಾಗೇ ಮಾಡಿದ. ನವೆಂಬರಿನಲ್ಲಿ ಎದುರಾಳಿಯ ತಲೆಗೆ ಅವನ ತಲೆ ಡಿಕ್ಕಿ ಹೊಡೆಯಿತು. ಆಟ ಮುಗಿದ ಮೇಲೆ ಶೌಚಾಲಯದಲ್ಲಿ ವಾಂತಿ ಮಾಡಿಕೊಂಡ. ಕಂಡವನು ಕಾರ್ಸ್ಟೆನ್, ನೀರು ಕೊಟ್ಟು, "ಬಾಯ್ಬಿಡ್ಬೇಡ" ಎಂದ. ಮತ್ತೆ ಪರೀಕ್ಷೆ ಆಯಿತು. ಈ ಸಲ ಥಿಲೋ ಪ್ರಾಣ ಹೋಗುವಂತೆ ಪ್ರಯತ್ನಪಟ್ಟ, ಆದರೂ ಪದಗಳು ಸಿಗಲಿಲ್ಲ.

"ಜುಲೈನಲ್ಲಿ ಎಷ್ಟೋ ಈಗ್ಲೂ ಅಷ್ಟೇ," ಎಂದು ಡಾಕ್ಟರು ನಕ್ಕರು. "ಗಟ್ಟಿ ತಲೆ ಕಣಪ್ಪ ನಿಂದು."

ಅವನಿಗೆ ಹೆದರಿಕೆಯಾಯಿತು. ಜಾಗ ಹೋಗುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು, ಸುಮ್ಮನಿದ್ದ. ಮುಂದಿನ ವಾರದ ಪಂದ್ಯದಲ್ಲಿ ಯಾರದೋ ಭುಜ ತಾಗಿತು, ಜೋರಾಗಿ ಏನೂ ಅಲ್ಲ. ಬಿದ್ದವನು ಏಳಲಿಲ್ಲ. ಆಸ್ಪತ್ರೆಯಲ್ಲಿ ತಲೆ ಕೊಯ್ದು ಹೆಪ್ಪುಗಟ್ಟಿದ ರಕ್ತ ತೆಗೆದರು. ಜೀವವೇನೋ ಉಳಿಯಿತು. ಕರಾರು ಸಿಕ್ಕ ಬೇಸಿಗೆಯಿಂದೀಚೆಗಿನದೆಲ್ಲ ನೆನಪಿನಿಂದ ಅಳಿಸಿಹೋಗಿತ್ತು, ಹೊಸದಾಗಿ ಹೇಳಿದ್ದು ಮಾರನೆಯ ದಿನಕ್ಕೆ ಉಳಿಯುತ್ತಿರಲಿಲ್ಲ.

ಈಗ ಭಾನುವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಕಾರ್ಸ್ಟೆನ್ ಕೇಕ್ ಹಿಡಿದುಕೊಂಡು ಬರುತ್ತಾನೆ. ಬಾಗಿಲಲ್ಲಿ ಅವನನ್ನು ಕಂಡರೆ ಥಿಲೋನ ಮುಖ ಅರಳುತ್ತದೆ.

"ಅಮ್ಮಾ, ನೋಡೇ ಯಾರ್ ಬಂದಿರೋದು! ನಾಯಕ! ಬಾರಣ್ಣ ಒಳಗೆ. ನಂಗೆ ಕರಾರು ಸಿಗತ್ತಂತಾ, ಏನಾದ್ರೂ ಗೊತ್ತಾ?"

ಕಾರ್ಸ್ಟೆನ್ ಎಲ್ಲವನ್ನೂ ಹೇಳುತ್ತಾನೆ. ಕರಾರು, ಪರೀಕ್ಷೆ, ಶೌಚಾಲಯ. "ನಾನೇ ಕಣೋ ಹೇಳ್ಕೊಟ್ಟಿದ್ದು," ಎಂದು ಅಳುತ್ತಾನೆ. ಥಿಲೋ ಬೆಪ್ಪಾಗಿ ತನ್ನ ತಲೆಯ ಗಾಯದ ಗೆರೆ ಮುಟ್ಟಿ ನೋಡಿಕೊಳ್ಳುತ್ತಾನೆ. ದುಃಖ ಉಮ್ಮಳಿಸಿ ಬರುತ್ತದೆ. ಕೊನೆಗೆ ಕಾರ್ಸ್ಟೆನ್ನನ ಕೈ ಹಿಡಿಯುತ್ತಾನೆ.

"ಹೋಗ್ಲಿ ಬಿಡಣ್ಣ. ಒಪ್ಕೊಂಡ್ಯಲ್ಲ."

ಒಂದು ಭಾನುವಾರ ಥಿಲೋ ಅಷ್ಟಕ್ಕೇ ನಿಲ್ಲಿಸದೆ ಕೇಳಿದ: "ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?"

"ಹೋದ ವಾರಾನೂ ಹೇಳ್ದ ಕಂದಾ," ಎಂದಳು ಕಾಫಿ ಬಗ್ಗಿಸುತ್ತಿದ್ದ ಸಿಲ್ಕೆ. "ಅದರ ಹಿಂದಿನ ವಾರಾನೂ. ವಾರವಾರ ಹೇಳ್ತಾನೆ, ವಾರವಾರ ನೀನು ಹೋಗ್ಲಿ ಬಿಡು ಅಂತೀಯ."

"ನಿನ್ನ ಹತ್ರ?"

"ನನ್ನ ಹತ್ರ ಒಂದ್ ಸಲಾನೂ ಕ್ಷಮೆ ಕೇಳಿಲ್ಲ. ನಾನು ಮರೆಯೋಳಲ್ಲ ಅಂತ ಗೊತ್ತು ಅವನಿಗೆ."

ಥಿಲೋ ಕಾರ್ಸ್ಟೆನ್ನನ ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿದ.