ಬಚ್ಚಲ ಒಲೆಯ ಬೂದಿ

ನನ್ನ ತವರು ಬಲ್ಮಠದ ಪ್ರೊಟೆಸ್ಟೆಂಟ್ ಮನೆ, ಗಂಡನದು ಕುಲಶೇಖರದ ಕೆಥೋಲಿಕ್ ಮನೆ. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ನನ್ನ ಮದುವೆಯ ಸುದ್ದಿ ಕೇಳಿ, ನೀವು ನೀವೇ ಅಲ್ಲವಾ, ಎಂತ ತೊಂದರೆ ಎಂದು ಆಫೀಸಿನಲ್ಲಿ ಹಲವರು ಸಮಾಧಾನ ಹೇಳಿದ್ದರು. ನಾವು ನಾವೇ ಎನ್ನುವುದು ನಿಜ. ಆದರೆ ವರ್ಷಕ್ಕೊಂದು ಬುಧವಾರ, ನಲವತ್ತು ದಿನದ ಉಪವಾಸದ ಕಾಲ ಶುರುವಾಗಿ ಹಣೆಗೆ ಬೂದಿ ಹಚ್ಚುವ ದಿನ, ನಾವು ಬೇರೆ, ಅವರು ಬೇರೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಮನೆಗೆ ಬಂದರು. ತವರುಮನೆಯ ಮಾಡಿನ ಹಂಚು ಬದಲಿಸುವವರೆಗೆ ಒಂದು ತಿಂಗಳು ಎಂದು ಒಂದೇ ಪೆಟ್ಟಿಗೆ ಹಿಡಿದು ಬಂದವರು. ಹಂಚು ಬದಲಾಯಿತು, ಆಮೇಲೆ ಅವರ ಮೊಣಕಾಲಿನ ಆಪರೇಶನ್ ಆಯಿತು, ಎರಡು ವರ್ಷವಾಯಿತು, ಪೆಟ್ಟಿಗೆ ಇನ್ನೂ ನಮ್ಮಲ್ಲೇ ಇದೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಯಾವ ಮಾತನ್ನೂ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸದೆ ಬಿಡುವುದಿಲ್ಲ. ನನ್ನ ಅತ್ತೆ ಹಾಗಲ್ಲ. ಒಂದು ವಾಕ್ಯ ಹೇಳಿ ಅಡುಗೆಮನೆಗೆ ಹೋಗಿಬಿಡುವವರು, ಆ ಒಂದು ವಾಕ್ಯಕ್ಕೆ ಉತ್ತರ ಹುಡುಕುವುದೇ ಕಷ್ಟ. ಅಪ್ಪನ ಭಾಷೆ ತುಳು, ಅತ್ತೆಯದು ಕೊಂಕಣಿ. ಹಾಗಾಗಿ ಇಬ್ಬರೂ ಒಬ್ಬರೊಡನೊಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು, ಏನೋ ಸಭೆಯಲ್ಲಿ ಮಾತಾಡಿದ ಹಾಗೆ. ಅಪ್ಪನಿಗೆ ಅವರು ಬಾಯಮ್ಮ, ಅವರಿಗೆ ಅಪ್ಪ ಮಾಸ್ಟ್ರು.

ಅಪ್ಪ ಬಂದ ಮೊದಲ ವರ್ಷವೇ ಜಗಳ ಹತ್ತಿಕೊಂಡಿತು. ಅತ್ತೆ ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ತಮ್ಮ ಚರ್ಚು ಇಗರ್ಜಿಯಿಂದ ಬಂದರು. ಅಪ್ಪ ಪಾಠ ಶುರುಮಾಡಿದರು. ಉಪವಾಸ ಮಾಡುವವನು ಮುಖ ತೊಳೆದುಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ತಿಳಿಯದ ಹಾಗೆ ಇರಬೇಕೆಂದು ಯೇಸುಸ್ವಾಮಿಯೇ ಕಲಿಸಿದ್ದಾರೆ, ನೀವು ನೋಡಿದರೆ ಹಣೆಗೆ ಬೋರ್ಡು ಹಾಕಿಕೊಂಡು ಬೀದಿಯಲ್ಲಿ ಬರುತ್ತೀರಿ ಎಂದರು. ಅತ್ತೆ ಚಪ್ಪಲಿ ಬಿಡುತ್ತಾ ಹೇಳಿದರು, "ಆ ಪಾಠವನ್ನೇ ನಮಗೆ ಈ ದಿನ ಓದ್ತಾರೆ ಮಾಸ್ಟ್ರೇ. ಅದನ್ನು ಕೇಳಿದ ಮೇಲೆಯೇ ಬೂದಿ ಹಚ್ಚುವುದು."

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಶುಕ್ರವಾರ ಬೇರೆ ದಾರಿ ಹಿಡಿದರು. ಆ ದಿನ ಮಾಂಸ ಬಿಟ್ಟವರ ಮನೆಗಳಿಂದ ಅಂಜಲ್ ಮೀನು ಹುರಿಯುವ ಘಮ ಬರುತ್ತಿತ್ತು, ನಮ್ಮ ಮನೆಯೂ ಹೊರತಲ್ಲ. ಕೋಳಿ ಬಿಟ್ಟು ಅಂಜಲ್ ತಿನ್ನುವುದು ಉಪವಾಸವಾದರೆ ತಾನು ದಿನಾ ಮಾಡಲು ಸಿದ್ಧ ಎಂದರು ಅಪ್ಪ. ನನ್ನ ಮಾವ, ಆಗ ಇನ್ನೂ ಇದ್ದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ಅಂದಿನಿಂದ ಈಸ್ಟರಿನ ಪಾಸ್ಖಹಬ್ಬದವರೆಗೆ ಅವರು ಮೀನು ಮುಟ್ಟಲಿಲ್ಲ. ನಮಗೆಲ್ಲ ಹುರಿದು ಬಡಿಸಿ ತಾವು ಉಪ್ಪಿನಕಾಯಿಯಲ್ಲಿ ಉಂಡರು. ಎಪ್ಪತ್ತು ದಾಟಿದವರಿಗೆ ಉಪವಾಸದ ಕಟ್ಟಳೆಯೇ ಇಲ್ಲ ಎಂದು ಅವರ ಪಾದ್ರಿಗಳೇ ಹೇಳುತ್ತಾರೆ. ಕೇಳುವವರು ಯಾರು! ಮಂಗಳೂರಿನಲ್ಲಿ ಹುಟ್ಟಿ ನಲವತ್ತು ದಿನ ಮೀನು ಬಿಡುವುದೆಂದರೆ ಎಂತದ್ದು ಎಂದು ನನಗೆ ಗೊತ್ತು, ನಾನು ಒಂದು ವಾರ ಪ್ರಯತ್ನಿಸಿ ಸೋತವಳು. ಅಪ್ಪ ಎಲ್ಲವನ್ನೂ ಗಮನಿಸಿದರು, ಮತ್ತೆ ಅಂಜಲಿನ ಮಾತು ಎತ್ತಲಿಲ್ಲ.

ಕಳೆದ ವರ್ಷದ ಗರಿಗಳ ಭಾನುವಾರ, ಪಾಸ್ಖಹಬ್ಬಕ್ಕೆ ಒಂದು ವಾರ ಮೊದಲು, ಮಾವನಿಗೆ ನಡೆಯುವುದೇ ಕಷ್ಟವಾಗಿತ್ತು. ಆದರೂ ಹಟಮಾಡಿ ಇಗರ್ಜಿಗೆ ಹೋಗಿ, ಆಶೀರ್ವಾದ ಮಾಡಿದ ತೆಂಗಿನ ಗರಿಯನ್ನು ತಾವೇ ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸಿದರು. ಆಟಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು. ಗರಿ ಪಟದ ಹಿಂದೆಯೇ ಒಣಗಿತು. ಪ್ರತಿ ವರ್ಷ ಬೂದಿ ಬುಧವಾರದ ಹಿಂದಿನ ಭಾನುವಾರ ಮನೆಮನೆಯ ಹಳೆಯ ಗರಿಗಳನ್ನು ಇಗರ್ಜಿಗೆ ಒಪ್ಪಿಸಬೇಕು. ಅವನ್ನೆಲ್ಲ ಒಟ್ಟಿಗೆ ಸುಟ್ಟ ಬೂದಿಯೇ ಜನರ ಹಣೆಗೆ. ಈ ಸಲ ಅವರು ತಂದ ಗರಿಯ ಬೂದಿ ನನ್ನ ಹಣೆಗೆ ಬರ್ತದೆ ಎಂದು ಅತ್ತೆ ಕ್ರಿಸ್ಮಸ್ ಮುಗಿದಂದಿನಿಂದ ನನ್ನೊಡನೆ ಎಷ್ಟು ಸಲ ಕೊಂಕಣಿಯಲ್ಲಿ ಹೇಳಿದ್ದರೋ. ಅಷ್ಟು ಮಾತಾಡುವವರೇ ಅಲ್ಲ ಅವರು. ಆ ಗರಿಯ ಮೇಲೆ ಅವರು ಎಷ್ಟು ಆಸೆ ಇಟ್ಟಿದ್ದರೆಂದು ನನಗೆ ಗೊತ್ತಿತ್ತು.

ಶನಿವಾರ ಸಂಜೆ ಅತ್ತೆ ಗರಿಯನ್ನು ಇಳಿಸಿ, ಧೂಳು ಒರೆಸಿ, ಪೇಪರಿನಲ್ಲಿ ಸುತ್ತಿ ಹಿಂದಿನ ಜಗಲಿಯ ಬೆಂಚಿನ ಮೇಲೆ ಇಟ್ಟರು. ಬೆಳಿಗ್ಗೆ ಹೋಗುವಾಗ ಮರೆಯಬಾರದೆಂದು.

ನಮ್ಮಲ್ಲಿ ಗೀಸರ್ ಉಂಟು, ಆದರೆ ಅತ್ತೆಗೆ ಹಂಡೆಯ ನೀರೇ ಆಗಬೇಕು. ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವುದು ಅಪ್ಪ ತಾವಾಗಿ ವಹಿಸಿಕೊಂಡ ಕೆಲಸ. ಕೆಳಗೆ ಪೇಪರು, ಒಣಗಿದ ಗರಿ, ಮೇಲೆ ತೆಂಗಿನ ಸಿಪ್ಪೆ. ಭಾನುವಾರ ಬೆಂಚಿನ ಮೇಲೆ ಪೇಪರು ಮತ್ತು ಗರಿ ಒಟ್ಟಿಗೇ ಸಿಕ್ಕಿತು. ಮಗಳು ತಯಾರು ಮಾಡಿ ಇಟ್ಟಿದ್ದಾಳೆ ಎಂದು ಸಂತೋಷದಿಂದಲೇ ಒಲೆಗೆ ಹಾಕಿದರಂತೆ. ಗರಿಗಳ ಭಾನುವಾರ ಅವರ ಚರ್ಚಿನಲ್ಲೂ ಉಂಟು. ಆದರೆ ಹಬ್ಬ ಮುಗಿದ ಗರಿ ಅವರಿಗೆ ಬರೀ ಗರಿ.

ಅತ್ತೆ ಸ್ನಾನ ಮಾಡಿ, ಸೀರೆ ಉಟ್ಟು, ಬೆಂಚಿನ ಹತ್ತಿರ ಬಂದರು. ಬೆಂಚಿನ ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಒಲೆಯ ಕಡೆ ನೋಡಿದರು. ಅಪ್ಪನಿಗೆ ಆಗಲೇ ಗೊತ್ತಾಯಿತು. ವಾದ ಮಾಡಲಿಲ್ಲ. ಎದ್ದು ನಿಂತು, ತಪ್ಪಾಯಿತು ಬಾಯಮ್ಮ ಎಂದರು. ಅಪ್ಪನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಅದರ ಬಿಸಿನೀರಲ್ಲಿ ನಾನು ಸ್ನಾನ ಮಾಡಿ ಆಯ್ತಲ್ಲ," ಎಂದರು ಅತ್ತೆ. ಬರಿಗೈಯಲ್ಲಿ ಇಗರ್ಜಿಗೆ ಹೋದರು.

ಬೈದಿದ್ದರೆ ಒಳ್ಳೆಯದಿತ್ತು. ಬಂದ ಮೇಲೆ ಎಂದಿನ ಹಾಗೆ ಅಡುಗೆ ಮಾಡಿದರು, ಅಪ್ಪನ ಮಾತ್ರೆಯನ್ನೂ ನೆನಪಿಸಿದರು, ಆದರೆ ನನ್ನ ಮೂಲಕ. ಮಾಸ್ಟ್ರೇ ಎನ್ನುವ ಕರೆ ಮನೆಯಲ್ಲಿ ನಿಂತುಹೋಯಿತು.

ಆ ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಹಿಂದಿನ ಜಗಲಿಗೆ ಹೋದರೆ ಅಪ್ಪ ಬಚ್ಚಲ ಒಲೆಯ ಮುಂದೆ ಮಣೆ ಹಾಕಿ, ಆಪರೇಶನ್ ಆದ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು. ಕೈಯಲ್ಲಿ ನನ್ನ ಚಹಾ ಸೋಸುವ ಜಾಲರಿ. ಗರಿ ಅಡಿಯಲ್ಲಿತ್ತು, ಸಿಪ್ಪೆ ಮೇಲಿತ್ತು, ಹಾಗಾಗಿ ತಳದ ಬೂದಿ ಬಹುಪಾಲು ಗರಿಯದ್ದೇ ಎಂದು ಅವರ ತರ್ಕ. ಮೇಲಿನದನ್ನು ಚಮಚದಿಂದ ಸರಿಸಿ, ತಳದ್ದನ್ನು ಮೂರು ಸಲ ಜಾಲರಿಯಲ್ಲಿ ಹಿಡಿದು, ಒಂದು ಜ್ಯಾಮ್ ಬಾಟಲಿಯಲ್ಲಿ ತುಂಬಿಸಿದರು. ಬೂದಿಯನ್ನು ಬೋರ್ಡು ಎಂದು ಹಂಗಿಸಿದವರು, ಕೈಯೆಲ್ಲ ಬೂದಿಯಾಗಿ ಕೂತಿದ್ದರು. ನನಗೆ ಅಳು ಬಂತು, ಒಳಗೆ ಬಂದುಬಿಟ್ಟೆ.

ಸೋಮವಾರ ಅವರನ್ನು ರಿಕ್ಷಾದಲ್ಲಿ ಇಗರ್ಜಿಗೆ ಕರೆದುಕೊಂಡು ಹೋದೆ. ಅತ್ತೆಗೆ ಡಾಕ್ಟರರಲ್ಲಿಗೆ ಎಂದು ಸುಳ್ಳು ಹೇಳಿದ್ದೆ. ಪಾದ್ರಿ ಚಿಕ್ಕ ಪ್ರಾಯದವರು. ಅಪ್ಪ ಬಾಟಲಿಯನ್ನು ಮೇಜಿನ ಮೇಲಿಟ್ಟು, ತಾನು ಯಾರು, ಏನು ಮಾಡಿದೆ, ಇದರಲ್ಲಿ ಸಿಪ್ಪೆಯ ಬೂದಿಯೂ ಸ್ವಲ್ಪ ಇರಬಹುದು ಎಂಬುದನ್ನೆಲ್ಲ ತಪ್ಪೊಪ್ಪಿಕೊಳ್ಳುವವರ ಹಾಗೆ ವಿವರಿಸಿದರು. ಬೂದಿ ಹಚ್ಚುವುದರಲ್ಲಿ ತನಗೆ ನಂಬಿಕೆ ಇಲ್ಲ ಎಂಬುದನ್ನೂ ಬಿಡಲಿಲ್ಲ. ಪಾದ್ರಿ ಬಾಟಲಿ ತಿರುಗಿಸಿ ನೋಡಿದರು.

"ಆಶೀರ್ವಾದದ ಗರಿಯನ್ನು ಬಿಸಾಡಬಾರದು, ಸುಡಬೇಕು ಅಂತ ಉಂಟು," ಎಂದರು. "ನೀವು ಸುಟ್ಟಿದ್ದೀರಿ." ಮತ್ತೆ ಒಳಗೆ ಹೋಗಿ ಅದನ್ನು ಇಗರ್ಜಿಯ ಬೂದಿಯ ತಟ್ಟೆಗೆ ಸುರಿದು, ಬಾಟಲಿ ತೊಳೆದು ತಂದು ಕೊಟ್ಟರು.

ದಾರಿಯಲ್ಲಿ ಅಪ್ಪ ಇದನ್ನು ಬಾಯಮ್ಮನಿಗೆ ಹೇಳಬಾರದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅವರಿಗೆ ಗೊತ್ತಾಗದಿದ್ದರೆ ಇಷ್ಟೆಲ್ಲ ಮಾಡಿದ್ದು ಯಾಕೆ, ತನ್ನ ಗಂಡನ ಗರಿ ಬಚ್ಚಲಿಗೆ ಹೋಯಿತು ಎಂದೇ ಅವರು ಬುಧವಾರ ಹಣೆ ಒಡ್ಡಬೇಕೇ ಎಂದು ಕೇಳಿದೆ.

"ಹೇಳಿದರೆ ಅದು ನನ್ನ ಬೋರ್ಡು ಆಗ್ತದೆ ಮಗಾ," ಎಂದರು ಅಪ್ಪ.

ಬುಧವಾರ ಇಗರ್ಜಿಯ ಬೆಳಗಿನ ಪೂಜೆಗೆ ನಾನೂ ಅತ್ತೆಯ ಜೊತೆ ಹೋದೆ. ಗಂಡ ಸಂಜೆಯ ಪೂಜೆಗೆ ಹೋಗುವವನು. ಬೂದಿ ಹೊತ್ತು ಹಂಪನಕಟ್ಟೆಯ ಆಫೀಸಿಗೆ ಹೋದರೆ ಎಲ್ಲರೂ ಹಣೆಗೆ ಏನೋ ತಾಗಿದೆ ಎನ್ನುತ್ತಾರಂತೆ. ನಾನು ಬೆಂಚಿನಲ್ಲೇ ಕೂತೆ, ಸಾಲಿನಲ್ಲಿ ನಿಲ್ಲುವ ಅಭ್ಯಾಸ ನನಗೆ ಇನ್ನೂ ಆಗಿಲ್ಲ. ಪಾದ್ರಿಯ ಹೆಬ್ಬೆರಳು ಅತ್ತೆಯ ಹಣೆಯ ಮೇಲೆ ಉಳಿದವರಿಗಿಂತ ಒಂದು ಕ್ಷಣ ಹೆಚ್ಚು ನಿಂತಿತು, ಅಥವಾ ನನಗೆ ಹಾಗೆ ಕಂಡಿತು. ಅತ್ತೆ ಬಂದು ಕೂತರು. ರೆಪ್ಪೆಯ ಮೇಲೆ ಉದುರಿದ್ದೇನನ್ನೋ ಬೆರಳಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ನಾನು ಹೇಳಿಬಿಡುವ ಅಂದುಕೊಂಡೆ, ಅಪ್ಪ ಬೇಡವೆಂದದ್ದು ಅಡ್ಡ ಬಂತು. ಅದನ್ನು ಎರಡು ಬೆರಳ ನಡುವೆ ಹಿಡಿದುಕೊಂಡೇ ಅವರು ಮನೆಯವರೆಗೆ ಬಂದರು.

ಅಪ್ಪ ಎದುರಿನ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದರು. ಹಿಂದೆಲ್ಲ ಬೂದಿಯ ಹಣೆ ಕಂಡ ಕೂಡಲೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುವವರು, ಇವತ್ತು ಅದನ್ನು ಮಡಚಿಟ್ಟು, ಕೋಲು ಊರಿ ಎದ್ದು ನಿಂತರು.

"ಮಾಸ್ಟ್ರೇ," ಎಂದರು ಅತ್ತೆ. ಮೂರು ದಿನದ ಮೇಲೆ. "ಇಗರ್ಜಿಯ ಬೂದಿಗೆ ತೆಂಗಿನ ಸಿಪ್ಪೆಯ ನಾರು ಎಲ್ಲಿಂದ ಬಂತು?"

ಅವರ ಬೆರಳ ತುದಿಯಲ್ಲಿ ಅರ್ಧ ಸುಟ್ಟ, ಉಗುರಿನಷ್ಟೂ ಉದ್ದವಿಲ್ಲದ ನಾರು ಇತ್ತು. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನಲ್ಲ ಎಂದು ತಲೆ ಅಲ್ಲಾಡಿಸಿದೆ.

"ಯಾರೋ ಸರಿಯಾಗಿ ಸೋಸಲಿಲ್ಲ ಕಾಣ್ತದೆ ಬಾಯಮ್ಮ."

ಅತ್ತೆ ಮೆಟ್ಟಲಿನ ಮೇಲೆ ಕೂತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು, ಹಣೆಗೆ ತಾಗದ ಹಾಗೆ ಜಾಗ್ರತೆಯಾಗಿ. ಅಪ್ಪ ಕೋಲು ಊರಿ ನಿಂತೇ ಇದ್ದರು.

ಹತ್ತೂವರೆಗೆ ಅಪ್ಪನಿಗೆ ಚಹಾ ತಂದರೆ ಬೇಡ ಎಂದರು. ಬೆಳಗಿನ ತಿಂಡಿಯನ್ನೂ ಆಮೇಲೆ ಎಂದು ಮುಂದೂಡಿದ್ದರು. ಹೊಟ್ಟೆ ಸರಿ ಇಲ್ಲವೇನೋ ಅಂದುಕೊಂಡೆ. ಮಧ್ಯಾಹ್ನ ಅತ್ತೆಯ ಆ ದಿನದ ಒಂದೇ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ಮಾಡಿ ಒಂದು ಬಟ್ಟಲು ಇಟ್ಟೆ. ಅತ್ತೆ ಇನ್ನೊಂದು ತಂದು ಎದುರಿಗೆ ಇಟ್ಟರು. ನನ್ನೊಡನೆ ಯಾವತ್ತೂ ಕೊಂಕಣಿ ಬಿಟ್ಟು ಬೇರೆ ಮಾತಾಡದವರು, ಜಗಲಿಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು:

"ಮಾಸ್ಟ್ರಿಗೂ ಈಗಲೇ ಬಡಿಸು. ಭಾನುವಾರ ಮಾತ್ರ ಎಣ್ಣೆ ಹಾಕುವವರು ಇವತ್ತು ಹಾಕಿದ್ದಾರೆ. ಬೆಳಿಗ್ಗಿನಿಂದ ಎಂತ ತಿನ್ನಲಿಲ್ಲ ಅವರು."

ಅಪ್ಪ ಕೈತೊಳೆದು ಬಂದು, ತಲೆ ತಗ್ಗಿಸಿ ಕೂತರು. ಇಬ್ಬರೂ ಎದುರುಬದುರು ಕೂತು ಗಂಜಿ ಉಂಡರು. ಅಪ್ಪ ಎರಡನೇ ಸಲ ಕೇಳಲಿಲ್ಲ, ಅತ್ತೆ ಕೇಳದೆಯೇ ಬಡಿಸಿದರು.