ಊಟದ ವಿರಾಮದಲ್ಲಿ ಕಳೆ ಕಿತ್ತವರು

ನಮ್ಮ ಆಸ್ಪತ್ರೆ ಈವರೆಗೆ ನಾಲ್ಕು ಅಭಿನಂದನ ಗ್ರಂಥಗಳನ್ನು ಹೊರತಂದಿದೆ; ನಾಲ್ಕೂ ನಿರ್ದೇಶಕರಾಗಿ ನಿವೃತ್ತರಾದ ಹಿರಿಯ ವೈದ್ಯರವು. ಐದನೆಯದನ್ನು, ತೋಟದ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಮುಖ್ಯ ಮಾಲಿಯಾಗಿ ನಿವೃತ್ತರಾಗುತ್ತಿರುವ ಜೇಕಮ್ಮನವರಿಗೆ ಅರ್ಪಿಸಬೇಕೆಂದು ನಾವು ಕೆಲವರು ಹೊರಟಾಗ, "ಮಾಲಿಗೂ ಒಂದು ಗ್ರಂಥವೇ?" ಎಂದು ಹುಬ್ಬೇರಿಸಿದವರಿದ್ದರು. ಹೌದು, ಮಾಲಿಗೂ ಒಂದು ಗ್ರಂಥ. ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದು ಒಂದು ವಿದ್ಯೆಯಾದರೆ, ಎದ್ದವನು ಕಾಲಿಡಲು ನೆಲವನ್ನು ಹದವಾಗಿಟ್ಟಿರುವುದೂ ಒಂದು ವಿದ್ಯೆಯೇ. ಆ ವಿದ್ಯೆಯಲ್ಲಿ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಇಪ್ಪತ್ತೆರಡು ವರ್ಷ ಅವರ ಹುಲ್ಲುಹಾಸಿನ ಮೇಲೆ ರೋಗಿಗಳಿಗೆ ನಡಿಗೆ ಕಲಿಸಿದ ಫಿಸಿಯೋಥೆರಪಿಸ್ಟ್ ನಾನು. ಹೀಗೆ ಹೇಳುವ ಹಕ್ಕು ನನಗಿದೆ.

ಜೇಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಜೇಕು ಎಂದರೆ, ಎಳೆದಾಗಲೆಲ್ಲ ಎಲೆಯಷ್ಟೇ ಕೈಗೆ ಬಂದು, ನೆಲದೊಳಗೆ ಉಳಿದ ಗಡ್ಡೆಯಿಂದ ವಾರದೊಳಗೆ ಮತ್ತೆ ತಲೆಯೆತ್ತುವ ಹಠಮಾರಿ ಕಳೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಹುಲ್ಲನ್ನು ನೆಲಕ್ಕೆ ಅಂಟುವಷ್ಟು ಗಿಡ್ಡವಾಗಿ ಕತ್ತರಿಸುವುದೇ ಅಂದವೆಂಬ ನಂಬಿಕೆಯಿತ್ತು. ಇವರು ಯಂತ್ರದ ಅಲಗನ್ನು ನಾಲ್ಕು ಬೆರಳು ಮೇಲಕ್ಕೆ ಏರಿಸಿದರು. ಅಂದಿನ ಆಡಳಿತಾಧಿಕಾರಿಗಳು ಕರೆಸಿ ಕೇಳಿದಾಗ, "ತಲೆ ಬೋಳಿಸಿದ್ರೆ ನೆತ್ತಿ ಸುಡುತ್ತೆ ಸಾರ್. ಹುಲ್ಲು ಸೊರಗಿದ ಕಡೆ ಕಳೆ ಬಂದು ಕೂರುತ್ತೆ. ಹುಲ್ಲು ದಟ್ಟ ಇದ್ರೆ ಅದಕ್ಕೆ ಜಾಗ ಎಲ್ಲಿ?" ಎಂದರಂತೆ. ಅಲಗು ಇಳಿಸುವಂತೆ ಮೂರು ಸಲ ಆಜ್ಞೆಯಾಯಿತು. ಮೂರು ಸಲವೂ ಅದು ಮರುದಿನ ಮೇಲೇರಿತು. "ಇವಳು ಜೇಕು ಕಣ್ರೀ, ಕಿತ್ತಷ್ಟೂ ಏಳ್ತಾಳೆ" ಎಂದು ಅಧಿಕಾರಿಗಳು ಎಲ್ಲರೆದುರು ಬೈದರು. ಅಂದಿನಿಂದ ಇವರು ಆ ಹೆಸರಿಗೇ ಓಗೊಡತೊಡಗಿದರು. ಬೈಗುಳವನ್ನು ಬಿರುದಾಗಿಸಿಕೊಂಡವರನ್ನು ಮತ್ತೆ ಬೈಯುವುದು ಹೇಗೆ?

ನಾನು ಅವರಿಗೆ ಹತ್ತಿರವಾದದ್ದು ನನ್ನ ಮನೆಯ ಅಂಗಳದ ದೆಸೆಯಿಂದ. ಮನೆ ಮುಂದೆ ಎರಡು ಹಾಸಿಗೆ ಹಾಸುವಷ್ಟು ಹುಲ್ಲು, ಅದರ ತುಂಬ ಜೇಕು ಮತ್ತು ಹುಳಿಸೊಪ್ಪು. ಅಂಗಡಿಯಿಂದ ಕಳೆನಾಶಕದ ಬಾಟಲಿ ತಂದು, ಎಷ್ಟು ನೀರಿಗೆ ಎಷ್ಟು ಹಾಕಬೇಕೆಂದು ಅವರನ್ನೇ ಕೇಳಿದೆ. ಬಾಟಲಿಯನ್ನು ತಿರುಗಿಸಿ ನೋಡಿ, "ಭಾನುವಾರ ಬರ್ತೀನಿ ಮೇಡಂ, ಅಲ್ಲೀವರೆಗೆ ಇದರ ಮುಚ್ಚಳ ತೆಗೀಬೇಡಿ" ಎಂದರು.

ಆ ಭಾನುವಾರ ಬಂದವರು ಅಂಗಳಕ್ಕಿಂತ ಮೊದಲು ಗಮನಿಸಿದ್ದು, ಮಾವ ತೀರಿಕೊಂಡ ಮೇಲೆ ಆರು ತಿಂಗಳಿಂದ ಕೋಣೆ ಬಿಟ್ಟು ಬಾರದ ನಮ್ಮ ಅತ್ತೆಯನ್ನು. ಕಿಟಕಿಯ ಹತ್ತಿರ ಹೋಗಿ, "ಅಮ್ಮಾ, ಒಂದ್ಹತ್ತು ನಿಮಿಷ ಬನ್ನಿ. ನಿಮ್ಮ ಸೊಸೆಗೆ ರೋಗಿಗಳ ಕಾಲು ಗೊತ್ತು, ಹುಲ್ಲಿನ ಬೇರು ಗೊತ್ತಿಲ್ಲ" ಎಂದು ಕರೆದರು. ಅತ್ತೆ ಬಂದರು. ತೇವವಿದ್ದಾಗ ಕುರ್ಪಿಯನ್ನು ಓರೆಯಾಗಿ ಇಳಿಸಿ ಗಡ್ಡೆ ಸಮೇತ ಎತ್ತುವುದು, ಬರಿದಾದ ಜಾಗಕ್ಕೆ ಅಂದೇ ಹುಲ್ಲಿನ ತುಂಡೊಂದನ್ನು ನಾಟುವುದು, ದಿನವೂ ಚಿಮುಕಿಸುವ ಬದಲು ವಾರಕ್ಕೆರಡು ಬೆಳಗ್ಗೆ ಬೇರಿಗಿಳಿಯುವಂತೆ ನೀರುಣಿಸುವುದು, ಯಾವ ಕಳೆಯನ್ನೂ ಹೂ ಬಿಟ್ಟು ಬೀಜ ಉದುರಿಸಲು ಬಿಡದಿರುವುದು—ಇವನ್ನೆಲ್ಲ ಕಲಿತದ್ದು ನಾನಲ್ಲ, ಅತ್ತೆ. "ಪೂರ್ತಿ ಹೋಗೋದು ಯಾವಾಗ?" ಎಂದು ಅತ್ತೆ ಕೇಳಿದ್ದಕ್ಕೆ, "ಪೂರ್ತಿ ಹೋಗಲ್ಲಮ್ಮ. ದಿನಾ ನೋಡ್ಕೊಂಡ್ರೆ ನಮ್ಮ ಮಾತು ಕೇಳುತ್ತೆ, ಅಷ್ಟೇ" ಎಂದರು. ವರ್ಷವೊಂದು ಕಳೆಯುವಷ್ಟರಲ್ಲಿ ಅತ್ತೆ ಬೀದಿಯ ಇತರ ಅಂಗಳಗಳಲ್ಲೂ ತಪ್ಪು ಹುಡುಕುವಷ್ಟು ಚೇತರಿಸಿಕೊಂಡಿದ್ದರು. ಬಾಟಲಿಯನ್ನು ಮುಚ್ಚಳ ತೆಗೆಯದೆ ಅಂಗಡಿಗೆ ಹಿಂದಿರುಗಿಸಿದೆ.

ಅತ್ತೆಯ ಬೆರಳುಗಳು ಕಳೆ ಕೀಳುತ್ತ ಚುರುಕಾದದ್ದನ್ನು ಕಂಡೇ ನಾನು ಆಸ್ಪತ್ರೆಯಲ್ಲೂ ಅದನ್ನು ಚಿಕಿತ್ಸೆಯಾಗಿಸಿದೆ. ಪಾರ್ಶ್ವವಾಯು ಬಡಿದು ಬಲಗೈ ಸೋತ ಒಬ್ಬ ಬಸ್ ಚಾಲಕರು, ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ ಗೋಡೆಗೆ ಎಸೆಯುತ್ತಿದ್ದವರು, ಜೇಕಮ್ಮನವರ ಪಕ್ಕ ಕುಳಿತು ಹುಳಿಸೊಪ್ಪಿನ ನೂಲಿನಂಥ ಬೇರನ್ನು ಎರಡೇ ಬೆರಳಲ್ಲಿ ಎಳೆಯುತ್ತ ಹಿಡಿತ ಮರಳಿ ಪಡೆದರು. ದರ್ಜಿಯಾಗಿರುವ ಜೇಕಮ್ಮನವರ ಯಜಮಾನರು ಚಿಂದಿ ತುಂಬಿದ ಮೊಣಕಾಲು ದಿಂಬುಗಳನ್ನು ಹೊಲಿದು ಕಳಿಸುತ್ತಿದ್ದರು. ಅವುಗಳ ಮೇಲೆ ಮಂಡಿಯೂರಿದವರ ಲೆಕ್ಕ ನಮ್ಮಲ್ಲಿಲ್ಲ.

ಇನ್ನು, ಬರೆಯಲು ನನಗೆ ಕಷ್ಟವಾಗುವ ಭಾಗ. ಹದಿಮೂರು ವರ್ಷಗಳ ಹಿಂದೆ ಉನ್ನತ ಪರಿಶೀಲನಾ ತಂಡವೊಂದು ಬರುವುದೆಂದಾಗ, ಹುಲ್ಲುಹಾಸಿನಲ್ಲಿ ಒಂದು ಕಳೆಯೂ ಕಾಣಬಾರದೆಂದು ಹೊಸ ಆಡಳಿತಾಧಿಕಾರಿಗಳು ಕಳೆನಾಶಕ ಸಿಂಪಡಿಸಲು ಆದೇಶಿಸಿದರು. ಸಿಂಪಡಿಸುವವನು ಪಂಪು ಹೊತ್ತು ಬಂದಾಗ ಜೇಕಮ್ಮನವರು ಹುಲ್ಲಿನ ನಡುವೆ ಹೋಗಿ ಕುಳಿತರು.

"ಇಲ್ಲಿ ದಿನಾ ಬರಿಗಾಲಲ್ಲಿ ನಡೆಯೋರಿದ್ದಾರೆ ಸಾರ್. ಮಂಡಿ ಊರಿ ಕೂರೋರಿದ್ದಾರೆ."

"ಎರಡು ವಾರ ನಡೆಸೋದು ಬೇಡ. ಏನೀಗ?" ಎಂದರು ಅಧಿಕಾರಿಗಳು.

"ಅವರ ಕಾಲು ಎರಡು ವಾರ ಕಾಯಲ್ಲ. ಬೇಕಾದ್ರೆ ಮೇಡಂನ ಕೇಳಿ."

ಅಧಿಕಾರಿಗಳು ನನ್ನನ್ನು ಕೇಳಿದರು. ಎರಡು ವಾರ ಹುಲ್ಲಿನ ಮೇಲಿನ ಚಿಕಿತ್ಸೆ ನಿಲ್ಲಿಸಿದರೆ ತೊಂದರೆಯಿಲ್ಲವೆಂಬ ಪತ್ರವನ್ನು ಮುಂದಿಟ್ಟರು. ನನ್ನ ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. ನಾನು ಸಹಿ ಹಾಕಿದೆ. ಪತ್ರ ಕಂಡ ಜೇಕಮ್ಮನವರು ಎದ್ದು, ಬಟ್ಟೆಗಂಟಿದ ಹುಲ್ಲು ಕೊಡವಿಕೊಂಡು ಹೊರಟುಹೋದರು.

ಸಿಂಪಡಿಸಿದವನು ಹದ ತಪ್ಪಿದ್ದನೋ ಏನೋ, ಕಳೆಯ ಜೊತೆ ಹುಲ್ಲೂ ಸುಟ್ಟಿತು. ಪರಿಶೀಲನಾ ತಂಡ ನೋಡಿದ್ದು ಹಳದಿ ಕಲೆಗಳ ಕಂಬಳಿಯನ್ನು. ಆರು ವಾರಗಳಲ್ಲಿ ಆ ಬೋಳು ಜಾಗಗಳಲ್ಲಿ ಮೊದಲು ಚಿಗುರಿದ್ದು ಜೇಕು. ತಪ್ಪು ಮಾತ್ರ ಜೇಕಮ್ಮನವರ ಹೆಗಲಿಗೆ ಬಿತ್ತು. ಅವರನ್ನು ಹಾಸಿಗೆಬಟ್ಟೆಗಳ ಉಗ್ರಾಣಕ್ಕೆ ಹಾಕಲಾಯಿತು. ಅವರು ಬೆಳಗ್ಗೆಯಿಂದ ದುಪ್ಪಟಿ ಎಣಿಸಿ ಮಡಚಿಟ್ಟು, ಊಟದ ವಿರಾಮದಲ್ಲಿ ಬುತ್ತಿ ಮತ್ತು ಕುರ್ಪಿ ಹಿಡಿದು ಬಂದು, ಐದು ನಿಮಿಷದಲ್ಲಿ ಉಂಡು, ಉಳಿದ ಹೊತ್ತು ಒಂದೊಂದೇ ಗಡ್ಡೆ ಎತ್ತುತ್ತಿದ್ದರು. ತೋಟದ ಕೆಲಸಕ್ಕೆ ಕೈ ಹಾಕಬಾರದೆಂದು ಮೆಮೊ ಬಂತು. ಅವರ ಲಿಖಿತ ಉತ್ತರವನ್ನು ನಾನು ಕಡತದಲ್ಲಿ ಕಂಡಿದ್ದೇನೆ: "ಊಟದ ವಿರಾಮದಲ್ಲಿ ನಾನು ಹುಲ್ಲಿನ ಮೇಲೆ ಕೂರುತ್ತೇನೆ. ಕೂತಲ್ಲಿ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಕೆಲಸವೆಂದು ಪರಿಗಣಿಸಬಾರದಾಗಿ ವಿನಂತಿ."

ವಾರದೊಳಗೆ ಬಸ್ ಚಾಲಕರು ಬಂದು ಪಕ್ಕದಲ್ಲಿ ಕುಳಿತರು. ಬಿಡುಗಡೆಯಾಗಿ ಹೋದ ಹಳೆಯ ರೋಗಿಗಳು, ವಾರ್ಡಿನ ಹೊರಗೆ ಕಾಯುತ್ತಿದ್ದ ಮನೆಯವರು, ಇಬ್ಬರು ದಾದಿಯರು ಒಬ್ಬೊಬ್ಬರಾಗಿ ಸೇರಿದರು. ಹತ್ತೊಂಬತ್ತು ದಿನ ನಾನು ಕಿಟಕಿಯಿಂದ ನೋಡಿದೆ. ಇಪ್ಪತ್ತನೆಯ ದಿನ, ನನ್ನ ಹಿಂದಿನ ಪತ್ರ ವೈದ್ಯಕೀಯ ಅಭಿಪ್ರಾಯವಲ್ಲ, ಅಂಜಿಕೆಯಿಂದ ಹಾಕಿದ ಸಹಿ ಎಂದು ಬರೆದು ಅಧಿಕಾರಿಗಳ ಮೇಜಿನ ಮೇಲಿಟ್ಟು, ನೆಟ್ಟಗೆ ಕೆಳಗಿಳಿದು ಹೋದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜೇಕಮ್ಮನವರು ಇನ್ನೊಂದು ಕುರ್ಪಿಯನ್ನು ನನ್ನ ಕೈಗಿಟ್ಟರು.

"ಕೂತ್ಕೊಳ್ಳಿ ಮೇಡಂ. ಆ ನಲ್ಲಿ ಪಕ್ಕದ ಮೂಲೆ ನಿಮ್ದು."

ನನ್ನ ಬಡ್ತಿ ನಾಲ್ಕು ವರ್ಷ ತಡವಾಯಿತು. ಅದಕ್ಕೆ ನಾನು ಎಂದೂ ಮರುಗಿಲ್ಲ. ಹದಿನಾಲ್ಕು ತಿಂಗಳ ಮೇಲೆ ಬಂದ ನಿರ್ದೇಶಕರು, ಊಟದ ವಿರಾಮಗಳಲ್ಲೇ ಹಸಿರಾಗಿದ್ದ ಹುಲ್ಲುಹಾಸನ್ನು ಒಂದು ಸುತ್ತು ನಡೆದು ನೋಡಿ, ಜೇಕಮ್ಮನವರನ್ನು ತೋಟಕ್ಕೆ ವಾಪಸ್ ಕರೆಸಿದರು. ಆಗಲೂ ಅವರು ಸುಮ್ಮನೆ ಒಪ್ಪಲಿಲ್ಲ. ಸಿಂಪಡಿಸುವ ಪಂಪು ಆವರಣದಿಂದ ಹೊರಹೋದ ಮೇಲೆಯೇ ಹಾಜರಿ ಪುಸ್ತಕಕ್ಕೆ ರುಜು ಮಾಡಿದರು.

ಈಗ ಅವರು ನಿವೃತ್ತರಾಗುತ್ತಿದ್ದಾರೆ. ಹುಲ್ಲುಹಾಸಿನ ಅರ್ಧಕ್ಕೆ ಸಿಮೆಂಟ್ ಬಿಲ್ಲೆ ಹೊದಿಸಿ ವಾಹನ ನಿಲ್ಲಿಸುವ ಯೋಚನೆಯೊಂದು ಮೇಜಿನಿಂದ ಮೇಜಿಗೆ ಓಡಾಡುತ್ತಿರುವುದು ನಮಗೆ ತಿಳಿದಿದೆ. ನಿವೃತ್ತಿಯ ಮೇಲೂ ಬಂದು ಕಳೆ ಕೀಳುವುದಾಗಿ ಜೇಕಮ್ಮನವರು ಹೇಳಿದ್ದಕ್ಕೆ, ನಿವೃತ್ತರು ಯಾವ ಆಧಾರದ ಮೇಲೆ ಆವರಣದೊಳಗೆ ಬಂದು ಕುಳಿತುಕೊಳ್ಳುತ್ತಾರೆಂದು ಕಳೆದ ವಾರ ಕಚೇರಿ ನನ್ನನ್ನು ಲಿಖಿತವಾಗಿ ಕೇಳಿದೆ. ವಿಭಾಗದ ಮುಖ್ಯಸ್ಥೆಯಾಗಿ ನಾನು ಉತ್ತರಿಸಿದ್ದೇನೆ: ಕೈ ಸೋತ ಹನ್ನೊಂದು ಮಂದಿ ರೋಗಿಗಳಿಗೆ ಅವರು ವಾರಕ್ಕೆ ಮೂರು ದಿನ ಬೇಕು, ಆ ಹನ್ನೊಂದು ಜನ ಹುಲ್ಲಿನ ಮೇಲೆಯೇ ಕೂರುತ್ತಾರೆ, ಇಡೀ ಹುಲ್ಲುಹಾಸಿನ ಮೇಲೆ. ಸಹಿಯ ಕೆಳಗೆ ಪೂರ್ಣ ಹೆಸರನ್ನೂ ಬರೆದಿದ್ದೇನೆ.

ಜೇಕಮ್ಮನವರಿಗೆ ಆಯುಸ್ಸೂ ಆರೋಗ್ಯವೂ ತುಂಬಿರಲಿ, ಅವರ ಮಂಡಿಗಳಿಗೆ ನೋವು ಬಾರದಿರಲಿ, ಯಜಮಾನರ ಸೂಜಿಗೆ ಬಿಡುವು ಸಿಗದಿರಲಿ. ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸುವುದಿಲ್ಲ. ಅವರಿಗೆ ಅದು ಬೇಡ. ಸೋಮವಾರ ಬೆಳಗ್ಗೆ ಏಳಕ್ಕೆ ಬರುತ್ತೇನೆಂದಿದ್ದಾರೆ. ಗೇಟು ತೆಗೆದಿರುತ್ತದೆ.