ಸಂಘಮಿತ್ರಾಳ ಬೆಲ್ಲದ ಪರೀಕ್ಷೆ

ಪುಕ್ಕಟೆ ಕೊಟ್ಟ ವಸ್ತುವನ್ನೂ ಮೂಸಿ ನೋಡಿ ತೆಗೆದುಕೊಳ್ಳುವ ಹೆಂಗಸು ಬೈಲಹೊಂಗಲದಲ್ಲಿ ಒಬ್ಬಳೇ ಇದ್ದಾಳೆ. ಹೆಸರು ಸಂಘಮಿತ್ರಾ. ಕಟ್ಟಿಗೆ ಕೊಯ್ಯುವ ಸಾಮಿಲ್ಲಿನ ಓಣಿಯಲ್ಲಿ, ಉಳಿದುಬಿದ್ದ ತುಂಡುಗಳಿಂದ ಕಾಯಿಪಲ್ಲೆ ಹೆಚ್ಚುವ ಮಣೆ ಮಾಡುತ್ತಾಳೆ.

ಅವಳ ಸಂಶಯ ಒಂದೆರಡಲ್ಲ. ಯಾರಾದರೂ ಹಳೆ ಹಲಗೆ ತಂದರೆ ಮೊದಲು ಮೂಸುತ್ತಾಳೆ, ಬೆರಳಿನ ಗೆಣ್ಣಿನಿಂದ ಬಡಿಯುತ್ತಾಳೆ, ಆಮೇಲೆ "ಇದು ಮೊದಲ ಏನಾಗಿತ್ರಿ?" ಎಂದು ಕೇಳುತ್ತಾಳೆ. ಒಂದು ಸಲ ಕೇಳಿದರೆ ಸಾಲದೇ? ಚಹಾ ಕೊಟ್ಟು ಇನ್ನೊಮ್ಮೆ ಕೇಳುತ್ತಾಳೆ, ಹೊರಟು ನಿಂತಾಗ ಮತ್ತೊಮ್ಮೆ. ಉತ್ತರ ಕೊಂಚ ಹೆಚ್ಚುಕಡಿಮೆಯಾಯಿತೋ, ಹಲಗೆ ವಾಪಸ್. ಓಣಿಯವರು ಬೆನ್ನ ಹಿಂದೆ ಅವಳನ್ನು ಸಿಐಡಿ ಬಾಯಿ ಎನ್ನುತ್ತಾರೆ.

ಅದಕ್ಕೊಂದು ಕಾರಣವಿದೆ. ಅವಳ ತಂದೆ ಹನುಮಪ್ಪ ಮುನವಳ್ಳಿಯವರು, ನವಿಲುತೀರ್ಥದ ಕಾಲುವೆಯ ಕಾಂಕ್ರೀಟ್ ಕೆಲಸಕ್ಕೆ ಮರದ ಹಲಗೆ ಜೋಡಿಸುತ್ತಿದ್ದ ಬಡಿಗರು. ಅವರ ಕೈಯಲ್ಲೇ ಇವಳು ಉಜ್ಜುಗೊರಡು ಹಿಡಿಯಲು ಕಲಿತಳು. ಲಗ್ನವಾಗಿ ಇಲ್ಲಿಗೆ ಬಂದ ಮೊದಲ ವರ್ಷ, ಯಾವುದೋ ಯಂತ್ರದ ಪೆಟ್ಟಿಗೆ ಒಡೆದು ಮಣೆ ಮಾಡಿ ಮುರಗೋಡದ ಸಂತೆಯಲ್ಲಿ ಮಾರಿದಳು. ಆ ಕಟ್ಟಿಗೆ ಡೀಸೆಲ್ ಕುಡಿದಿತ್ತು. ಮುಂದಿನ ಸಂತೆಯಲ್ಲಿ ಒಬ್ಬಾಕೆ ಆ ಮಣೆಯನ್ನು ತಂದು ಇವಳ ಕಾಲ ಬುಡಕ್ಕೆ ಎಸೆದು, "ಮೂರ ದಿನಾ ಪಲ್ಯಾ ನಾರಾಕತ್ತಿತ್ತು. ನಮ್ಮದೇನ ಹೊಟ್ಟಿ ಅಲ್ಲೇನ?" ಎಂದು ಕೂಗಾಡಿದಳಂತೆ. ಉಳಿದ ಮಣೆಗಳನ್ನೆಲ್ಲ ಸಂಘಮಿತ್ರಾ ಅವತ್ತೇ ಒಲೆಗಿಟ್ಟಳು. ಅಂದಿನಿಂದ ಈ ವಿಚಾರಣೆ ಶುರುವಾದದ್ದು.

ನಾನು ಸಂಜೀವ, ಇದೇ ಊರಿನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿಯವನು. ಈ ವರ್ಷ ಅಂಗಡಿಗೆ ಸ್ಟೀಲ್ ರ್‍ಯಾಕ್ ಹಾಕಿಸಿ, ಅಪ್ಪ ಆಸೆಪಟ್ಟು ಮಾಡಿಸಿದ್ದ ಸಾಗವಾನಿ ಕಪಾಟು ಬಿಚ್ಚಿಸಿದೆ. ಇಪ್ಪತ್ತು ವರ್ಷ ಔಷಧದ ಡಬ್ಬಿ ಹೊತ್ತ ಹಲಗೆಗಳು. ಒಲೆಗೆ ಹಾಕಲು ಮನಸ್ಸಾಗಲಿಲ್ಲ. ಒಂಬತ್ತನ್ನು ಗಾಡಿಗೆ ಹೇರಿಸಿ ಅವಳ ಅಂಗಳಕ್ಕೆ ಒಯ್ದೆ.

"ಇದು ಮೊದಲ ಏನಾಗಿತ್ರಿ, ಸಾವ್ಕಾರ್ರ?"

"ನಮ್ಮ ಅಡಗಿಮನಿ ಕಪಾಟ," ಎಂದೆ. ಖರೆ ಹೇಳಿದರೆ ಮುಟ್ಟುತ್ತಿರಲಿಲ್ಲ. ಎರಡು ಪದರು ಹೆರೆದರೆ ಅದರಲ್ಲಿ ಏನು ವಿಷ ಉಳಿದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವಳು ಚಹಾ ಕೊಟ್ಟು ಮತ್ತೆ ಅದನ್ನೇ ಕೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. "ಪುಕ್ಕಟೆ ಸಾಗವಾನಿ ಕೊಡ್ಲಿಕ್ಕೆ ಬಂದವನ ಮ್ಯಾಲೆ ಸಂಶಯ ಏನವಾ? ದಿಗಂಬರರಾಯರ ಮಗ ಸುಳ್ಳ ಹೇಳ್ತಾನಂತ ಅನಸ್ತದೇನು?"

"ತಪ್ಪ ತಿಳ್ಕೋಬ್ಯಾಡ್ರಿ," ಎಂದು ಅವಳು ತಲೆ ತಗ್ಗಿಸಿ ಹಲಗೆಗಳನ್ನು ಒಳಗಿಟ್ಟಳು.

ಆದರೆ ಸಂಶಯ ಎನ್ನುವುದು ನನಗೂ ಅಂಟಿತು ನೋಡಿ. ಅಂಥ ಸಾಗವಾನಿಯಲ್ಲಿ ಇವಳು ಮಣೆಯನ್ನೇ ಮಾಡುತ್ತಾಳೆಂದು ಏನು ಗ್ಯಾರಂಟಿ? ಫರ್ನಿಚರ್ ಅಂಗಡಿಗೆ ಸಾಗಿಸಿದರೆ? ಎರಡು ಸಲ ಅವಳ ಮನೆಯ ಮುಂದೆ ಸ್ಕೂಟರ್ ನಿಧಾನ ಮಾಡಿ ಇಣುಕಿದೆ. ಏನೂ ಕಾಣಲಿಲ್ಲ. ಹತ್ತು ದಿನಗಳಾದ ಮೇಲೆ ತಡೆಯದೆ ಒಳಗೇ ಹೋದೆ.

ಅಂಗಳದ ಬಿಸಿಲಿನಲ್ಲಿ ಹಲಗೆಗಳು ಸಾಲಾಗಿ ಮಲಗಿದ್ದವು. ಒಂದೊಂದರ ಮೇಲೂ ಚಿಟಿಕೆ ಬೆಲ್ಲ. ಪಕ್ಕದಲ್ಲಿ ಸಂಘಮಿತ್ರಾ ತುದಿಗಾಲಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಏನವಾ ಇದು, ಕಟ್ಟಿಗಿಗೆ ನೈವೇದ್ಯ?"

"ಇರಿವಿ ಕರ್‍ಯಾಕತ್ತೇನ್ರಿ," ಎಂದಳು. "ಮಂದಿ ಸುಳ್ಳ ಹೇಳ್ತಾರ, ಇರಿವಿ ಹೇಳೂದಿಲ್ಲ. ಕಟ್ಟಿಗಿ ಔಷಧ ಕುಡದಿದ್ರ ಅವು ಬೆಲ್ಲ ಬಿಟ್ಟು ಹೊಳ್ಳತಾವ."

ಬೇವಿನ ಹಲಗೆಗೆ, ಮಾವಿನ ಹಲಗೆಗೆ ಇರುವೆಗಳ ಸಾಲು ಹತ್ತಿತ್ತು. ಅಲ್ಲಿದ್ದ ನನ್ನ ಎಂಟು ಹಲಗೆಗಳಲ್ಲಿ ಆರಕ್ಕೂ ಹತ್ತಿತ್ತು. ಉಳಿದೆರಡರ ಅಂಚಿಗೆ ಬಂದ ಇರುವೆಗಳು ತಿರುಗಿ ಹೋಗುತ್ತಿದ್ದವು. ಧೈರ್ಯ ಮಾಡಿದ ಒಂದು ಇರುವೆ ಬೆಲ್ಲದ ಹತ್ತಿರವೇ ಕಾಲು ಮೇಲೆ ಮಾಡಿ ಬಿದ್ದಿತ್ತು.

"ಎರಡ ಕೆಟ್ಟಾವ್ರಿ. ಅಡಗಿಮನ್ಯಾಗ ಜಿರಳಿ ಔಷಧ ಹೊಡಿಸಿದ್ರೇನ? ಇರ್‍ಲಿ ಬಿಡ್ರಿ, ಉಳಿದ ಆರು ಹುಡಿಗ್ಯಾರ ಹಾಸ್ಟೆಲ್ಲಿಗೆ ನಡೀತಾವ. ಸೋಮವಾರ ಕೊಡಬೇಕು."

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು. ಆದರೆ ಆ ಆರೂ ಹಲಗೆಗಳ ಮೇಲೆ ಯಾವ ಪುಡಿಯ ಪಾಕೀಟು ಒಡೆದಿತ್ತು, ಮಳೆಗಾಲದಲ್ಲಿ ಅದು ಹೇಗೆ ಕರಗಿ ಇಳಿದಿತ್ತು ಎಂಬುದು ಇರುವೆಗೆ ತಿಳಿಯದಿದ್ದರೂ ನನಗೆ ತಿಳಿದಿತ್ತು. ಹಾಸ್ಟೆಲಿನ ಹುಡುಗಿಯರು ದಿನಕ್ಕೆರಡು ಹೊತ್ತು ಅದರ ಮೇಲೆ ಹೆಚ್ಚಿದ್ದನ್ನು ಉಣ್ಣುತ್ತಾರೆ.

"ಯಾವುದೂ ಬ್ಯಾಡವಾ. ಎಲ್ಲಾ ಅಂಗಡೀವು. ಔಷಧ ಇಡೋ ಕಪಾಟು ಅದು. ನಾ ಸುಳ್ಳ ಹೇಳಿದ್ದೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಡಬಡಿಸಿ ಎದ್ದು ನಿಂತಳು.

"ನೀವು ತಂದದ್ದು ಒಂಬತ್ತರಿ. ಒಂದರಾಗ ಮಣಿ ಮಾಡಿ ನಿಮ್ಮ ಅವ್ವಾರಿಗೇ ಕಳಿಸೇನಿ, ನಿಮ್ಮ ಮನಿ ಕೆಲಸಕ್ಕ ಬರೂ ಸಪ್ನಾನ ಕೈಯಾಗ. ಅವ್ವಾರಿಗೆ ಮೊಣಕಾಲ ನೋವು, ಈಳಿಗಿ ಮುಂದ ಕುಂದ್ರಾಕ ಆಗವಲ್ದು ಅಂತ ಆಕಿ ಹೇಳಿದ್ಳು. ಅದಕ್ಕ ಬೆಲ್ಲಾ ಇಡಲಿಲ್ರಿ. ಅವರ ಅಡಗಿಮನಿ ಕಟ್ಟಿಗಿ ಅವರ ಅಡಗಿಮನಿಗೇ ಹೊಂಟೈತಿ, ಏನ ನೋಡೂದು ಅಂತ ಬಿಟ್ಟೆ."

"ಯಾವಾಗ?"

"ಎಂಟ ದಿನಾ ಆತ್ರಿ."

ನಾನು ಅಡುಗೆಮನೆಗೆ ಕಾಲಿಡುವವನಲ್ಲ, ಊಟದ ಡಬ್ಬಿ ಅಂಗಡಿಗೇ ಬರುತ್ತದೆ. ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಸಂಘಮಿತ್ರಾಳೂ ಹಿಂದೆ ಕುಳಿತಿದ್ದಳು.

ಅವ್ವ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಸೌತೆಕಾಯಿ ಹೆಚ್ಚುತ್ತಿದ್ದಳು. ಮಣೆ ಕಸಿದುಕೊಂಡು, ಹೆಚ್ಚಿದ್ದನ್ನೆಲ್ಲ ಬಕೆಟ್ಟಿಗೆ ಸುರಿದೆ. ಬೆಚ್ಚಿಬಿದ್ದ ಅವ್ವ ಬಾಗಿಲಲ್ಲಿ ನಿಂತ ಸಂಘಮಿತ್ರಾಳನ್ನು ಕಂಡಳು.

"ನನಗ ಮೊದಲೇ ಸಂಶಯ ಇತ್ತು ನೋಡು! ಎಲ್ಲಿ ಬಿದ್ದ ಕಟ್ಟಿಗಿ ತಂದು ಮಾಡ್ಯಾಳೋ ಏನೋ. ಇಂಥವರ ಕೈಯಿಂದ ತಗೋಬಾರದಿತ್ತು."

ಸಂಘಮಿತ್ರಾ ನನ್ನನ್ನು ನೋಡಿದಳು.

"ಅವ್ವಾ, ಕಟ್ಟಿಗಿ ಆಕೀದಲ್ಲ, ನಂದು. ಅಂಗಡಿ ಔಷಧದ ಕಪಾಟಿಂದು. ಅಡಗಿಮನೀದು ಅಂತ ಆಕಿಗೆ ಸುಳ್ಳ ಹೇಳಿ ಕೊಟ್ಟಿದ್ದೆ."

"ಗೊತ್ತಿದ್ದೂ?"

"ಹೂಂ. ಗೊತ್ತಿದ್ದೂ."

ಅವ್ವ ಸೌತೆಕಾಯಿಯ ರಸ ಹತ್ತಿದ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಕೈ ತೊಳೆಸೋಣವೆಂದು ನಾನು ತಂಬಿಗೆ ಎತ್ತಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನೀ ಬ್ಯಾಡ," ಎಂದಳು. ಆಮೇಲೆ ಬಾಗಿಲ ಕಡೆ ಕೈ ಚಾಚಿದಳು. "ನೀ ಒಳಗ ಬಾರವಾ. ನೀ ಹಾಕು ನೀರು."